ಮೊದಲು ಮಣೆ, ಆಮೇಲೆ ಆಕಾಶ

ಒಂದು ಊರಿನ ಅಳತೆ ಸರಿಯಾಗಿರಬೇಕಾದರೆ ಆ ಊರಿನಲ್ಲಿ ಅಲುಗಾಡದ ಒಂದು ಬಿಂದು ಬೇಕು. ಸೇತುವೆ ಕಟ್ಟುವವರು, ನೀರಿನ ಕೊಳವೆ ಹೂಳುವವರು, ಎರಡು ನಿವೇಶನಗಳ ನಡುವೆ ಗೆರೆ ಎಳೆಯುವವರು, ಎಲ್ಲರೂ ಕೊನೆಗೆ ಬಂದು ನಿಲ್ಲುವುದು ಆ ಬಿಂದುವಿನ ಲೆಕ್ಕಕ್ಕೇ. ಇಂದು ಆ ಬಿಂದು ನೆಲದಲ್ಲಿ ಹೂತ ಕಲ್ಲಲ್ಲ. ಯಾವುದೋ ಕಟ್ಟಡದ ತಾರಸಿಯ ಮೇಲೆ, ಒಂದು ಕಂಬದ ತುದಿಯಲ್ಲಿ, ಬೋರಲು ಹಾಕಿದ ಬಟ್ಟಲಿನಂತೆ ಕೂತು ಉಪಗ್ರಹಗಳ ಸಂಕೇತ ಹಿಡಿಯುವ ಜಿಪಿಎಸ್ ಆಂಟೆನಾ. ಅದನ್ನು ರೂಪಿಸಿದ ವಿಜ್ಞಾನಿಗಳ ಬಗ್ಗೆ, ಅದರ ಲೆಕ್ಕ ಬಿಡಿಸುವ ಎಂಜಿನಿಯರುಗಳ ಬಗ್ಗೆ ಬೇಕಾದಷ್ಟು ಗ್ರಂಥಗಳಿವೆ. ಅದನ್ನು ಹೊತ್ತು ಮೇಲೆ ಹತ್ತಿ, ನೆಟ್ಟಗೆ ನಿಲ್ಲಿಸಿ, ಕೈಕಾಲು ಮುರಿದುಕೊಳ್ಳದೆ ಇಳಿದು ಬರುವವರ ಬಗ್ಗೆ ಯಾರೂ ಲೇಖನಿ ಎತ್ತಿದಂತಿಲ್ಲ. ನಮ್ಮ ಅಳತೆ ಇಲಾಖೆಯ ಆಂಟೆನಾ ವಿಭಾಗದ ಮುಖ್ಯಸ್ಥೆಯಾಗಿ ಈಚೆಗೆ ನಿವೃತ್ತರಾದ ಹಿರಿಯ ಸಹೋದ್ಯೋಗಿಗೆ ಅರ್ಪಿಸುತ್ತಿರುವ ಈ ಸಂಪುಟ ಆ ಕೊರತೆಯನ್ನು ಕೊಂಚವಾದರೂ ನೀಗಲಿ ಎಂಬುದು ನಮ್ಮ ಆಸೆ.

ಇಲಾಖೆಯಲ್ಲಿ ಎಲ್ಲರೂ ಅವರನ್ನು ಕರೆಯುವುದು ‘ಮಣೆ ಮೇಡಂ’ ಎಂದು. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಆಮೇಲೆ ಎದುರಿಗೇ ಕರೆದರು. ಸುತ್ತೋಲೆಯಲ್ಲಿ ಅಚ್ಚಾಗುವುದೊಂದೇ ಬಾಕಿ. ಅವರ ಕೈಕೆಳಗೆ ಕೆಲಸ ಕಲಿತವರು ಯಾರೇ ಆಗಲಿ, ತಾರಸಿಯ ಬಾಗಿಲು ದಾಟಿದ ಕೂಡಲೇ ಮೈಗೆ ಬೆಲ್ಟು ಬಿಗಿದು ಅದರ ಹಗ್ಗವನ್ನು ಗಟ್ಟಿ ಕೊಂಡಿಗೆ ಸಿಕ್ಕಿಸಬೇಕು. ಅದಾದ ಮೇಲೆ ಗೇಣೆತ್ತರವೂ ಇಲ್ಲದ ಒಂದು ಮರದ ಮಣೆಯನ್ನು ತಾರಸಿಯ ನಡುಮಧ್ಯೆ ಹಾಕಿ ಅದರ ಮೇಲೆ ಕೂರಬೇಕು. ಕೂತ ಮೇಲೆಯೇ ತಲೆ ಎತ್ತಿ ಆಕಾಶ ನೋಡಬೇಕು. ನಿಂತುಕೊಂಡು ಮೇಲೆ ನೋಡಿದವರು ಎಷ್ಟೇ ದೊಡ್ಡವರಿರಲಿ, ಮೇಡಂ ಬಾಯಿಂದ ಬೀಳುತ್ತಿದ್ದುದು ಒಂದೇ ಮಾತು: “ಕೂತ್ಕೊಳ್ಳಿ!”

ಹೊರಗಿನವರಿಗೆ ಇದು ತಮಾಷೆಯಾಗಿ ಕಂಡೀತು. ಆದರೆ ಈ ಕಸುಬಿನವರು ಮಾತ್ರವೇ ಮಾಡುವ ತಪ್ಪೊಂದಿದೆ. ಬಣ್ಣ ಬಳಿಯುವವರು ಗೋಡೆ ನೋಡುತ್ತಾರೆ, ಗಾರೆಯವರು ನೆಲ ನೋಡುತ್ತಾರೆ. ತಾರಸಿ ಹತ್ತಿ ಬರೀ ಆಕಾಶ ನೋಡುವವರು ನಾವು. ಆಂಟೆನಾಕ್ಕೆ ಸುತ್ತಲೂ ಬಯಲಾದ ಆಕಾಶ ಬೇಕು. ಆ ನೀರಿನ ಟ್ಯಾಂಕು ಅಡ್ಡ ಬಂದೀತೇ, ಈ ಮರದ ಕೊಂಬೆ ಮುಚ್ಚೀತೇ ಎಂದು ಕೋನ ಅಳೆಯುವ ಉಪಕರಣವನ್ನು ಕಣ್ಣಿಗೆ ಹಿಡಿದು ನೋಡುತ್ತ, ಇನ್ನೊಂದು ಚೂರು ಕಾಣಲಿ ಎಂದು ಒಂದು ಹೆಜ್ಜೆ ಹಿಂದಕ್ಕೆ ಇಡುತ್ತೇವೆ. ಮತ್ತೆ ಇನ್ನೊಂದು. ಕಣ್ಣು ಮೇಲೆ, ಕಾಲು ಹಿಂದೆ. ತಾರಸಿ ಎಂದ ಮೇಲೆ ಅದಕ್ಕೊಂದು ಅಂಚಿದೆ ಎಂಬುದು ಆ ಹೊತ್ತಿಗೆ ಮರೆತೇ ಹೋಗಿರುತ್ತದೆ.

ಮೇಡಂ ಅವರು ಈ ಕಸುಬಿಗೆ ಬಂದದ್ದು ತಮ್ಮ ಅಕ್ಕನ ಗಂಡನ ಹಿಂದೆ. ಅವರ ಭಾವ ಆಗಲೇ ಇಲಾಖೆಯಲ್ಲಿ ಹೆಸರು ಮಾಡಿದ್ದ ಆಂಟೆನಾ ಫಿಟ್ಟರು. ತಂತ್ರಜ್ಞರ ತರಬೇತಿ ಮುಗಿಸಿ ಇವರು ಅದೇ ವಿಭಾಗಕ್ಕೆ ಬಂದ ಮೊದಲ ದಿನ, ಎಲ್ಲರೆದುರು ಏನೆಂದು ಕರೆಯಬೇಕೋ ತೋಚದೆ, “ಭಾವ, ನನ್ನ ಮೇಜು ಯಾವುದು?” ಎಂದು ಕೇಳಿಬಿಟ್ಟರಂತೆ. ಅಲ್ಲಿಂದ ಮುಂದೆ ಆ ಮನುಷ್ಯ ಇಡೀ ಕಚೇರಿಗೆ ಭಾವನಾದರು. ದೊಡ್ಡ ಸಾಹೇಬರೂ ಫೋನಿನಲ್ಲಿ “ಭಾವನ್ನ ಸ್ವಲ್ಪ ಕಳಿಸಿ” ಎನ್ನುತ್ತಿದ್ದರು. “ನಿನ್ನ ಅಕ್ಕನ್ನ ಮದುವೆಯಾಗಿದ್ದಕ್ಕೆ ನಂಗೆ ಊರ ತುಂಬ ನೆಂಟರು” ಎಂದು ಭಾವ ಗೊಣಗುವುದೂ, “ಒಳ್ಳೆ ಮನೆಯಿಂದ ಹೆಣ್ಣು ತಂದಿದ್ದೀರಿ, ಅನುಭವಿಸಿ” ಎಂದು ನಾದಿನಿ ತಿರುಗಿಸುವುದೂ ಮಧ್ಯಾಹ್ನದ ಊಟದ ಡಬ್ಬಿಗಳ ಜೊತೆಗೆ ಬಿಚ್ಚಿಕೊಳ್ಳುತ್ತಿದ್ದ ಮಾತುಗಳು.

ಭಾವನ ಕೈಯಲ್ಲಿ ಅವರು ಕಲಿತದ್ದು ಅಪಾರ. ಹಲಗೆಯಂತೆ ಸಮತಟ್ಟಾಗಿ ಕಾಣುವ ತಾರಸಿಯೂ ಎಲ್ಲೋ ಒಂದು ಕಡೆ ವಾಲಿರುತ್ತದೆ, ಆದ್ದರಿಂದ ಕಂಬವನ್ನು ದಾರಕ್ಕೆ ಕಟ್ಟಿದ ತೂಗುಗುಂಡಿಗೆ ಹಿಡಿದು ನಿಲ್ಲಿಸಬೇಕು; ಕೇಬಲ್ಲು ಗೋಡೆಯೊಳಗೆ ನುಗ್ಗುವ ಮೊದಲು ಒಂದು ಬಾಗು ಕೆಳಕ್ಕೆ ಇಳಿದು ಆಮೇಲೆ ಮೇಲೇರಬೇಕು, ಇಲ್ಲದಿದ್ದರೆ ಮಳೆನೀರು ಅದೇ ದಾರಿ ಹಿಡಿದು ಯಂತ್ರದ ಹೊಟ್ಟೆ ಸೇರುತ್ತದೆ; ಸಿಡಿಲಿನ ತಂತಿ ನೆಲ ಮುಟ್ಟಿದೆಯೇ ಎಂಬುದನ್ನು ಬೇರೆಯವರ ಬಾಯಿಂದ ಕೇಳಬಾರದು, ಕಣ್ಣಾರೆ ನೋಡಬೇಕು; ಕೈಯಲ್ಲಿರುವ ಸ್ಪ್ಯಾನರನ್ನು ದಾರದಿಂದ ಮಣಿಕಟ್ಟಿಗೆ ಕಟ್ಟಿಕೊಳ್ಳಬೇಕು, ಕೆಳಗೆ ನಡೆದು ಹೋಗುವವರ ತಲೆ ನಮ್ಮ ತಲೆಯಷ್ಟೇ ಬೆಲೆಯುಳ್ಳದ್ದು. ಇಷ್ಟನ್ನೆಲ್ಲ ಕಲಿಸಿದ ಭಾವ, ತಮ್ಮ ಮಟ್ಟಿಗೆ ಮಾತ್ರ ಬೆಲ್ಟು ಕಟ್ಟಿಕೊಳ್ಳುತ್ತಿರಲಿಲ್ಲ. ಪಳಗಿದವರು ಬೆಲ್ಟು ಕಟ್ಟಿಕೊಂಡರೆ ನಗೆಪಾಟಲು ಎಂದುಕೊಳ್ಳುತ್ತಿದ್ದ ಕಾಲ ಅದು. ಬೆಲ್ಟುಗಳು ಸ್ಟೋರಿನಲ್ಲಿ ಹೊಸದಾಗಿಯೇ ಹಳತಾಗುತ್ತಿದ್ದವು.

ಒಂದು ಬೇಸಿಗೆಯ ಬೆಳಗ್ಗೆ ಒಂದು ಗೋದಾಮಿನ ತಾರಸಿಯ ಮೇಲೆ ಇಬ್ಬರೂ ಜಾಗ ನೋಡುತ್ತಿದ್ದರು. ಮೋಡದ ತುಣುಕೂ ಇರಲಿಲ್ಲ. ಮೇಡಂ ಬಗ್ಗಿ ಕೇಬಲ್ಲಿನ ಸುರುಳಿ ಬಿಚ್ಚುತ್ತಿದ್ದರು. ಬೆನ್ನ ಹಿಂದೆ ಭಾವನ ದನಿ, “ಈ ಕಡೆ ಒಂದು ಎಲೇನೂ ಅಡ್ಡ ಇಲ್ಲ ಕಣಮ್ಮ, ಎಂಥಾ ಆಕಾಶ ಅಂತೀಯ!” ಎಂದು ಖುಷಿಯಿಂದ ಹೇಳುತ್ತಿತ್ತು. ಏನೋ ಉತ್ತರ ಹೇಳಲು ತಿರುಗಿದಾಗ ಭಾವ ನಿಂತಿದ್ದ ಜಾಗದಲ್ಲಿ ಬರೀ ಆಕಾಶವಿತ್ತು.

ಕೆಳಗಿನ ಪಡಸಾಲೆಯ ತಗಡಿನ ಮೇಲೆ ಬಿದ್ದು, ಅಲ್ಲಿಂದ ಮರಳಿನ ಗುಡ್ಡೆಗೆ ಉರುಳಿದ್ದರಿಂದ ಭಾವನ ಜೀವ ಉಳಿಯಿತು. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಅಕ್ಕನ ಮುಖ ನೋಡಲಾಗದೆ ಕೂತಿದ್ದ ತಂಗಿಗೆ ಅಕ್ಕ ಹೇಳಿದ್ದು ಇಷ್ಟೇ: “ನಿನ್ನ ಮೇಲೆ ನಂಗೇನು ಸಿಟ್ಟಿಲ್ಲ ಕಣೇ. ಆಕಾಶ ಕಂಡ್ರೆ ಇವರು ಕಟ್ಕೊಂಡ ಹೆಂಡತೀನೇ ಮರೀತಾರೆ, ಅಂಚು ಯಾವ ಲೆಕ್ಕ? ನೀನು ಮಾತ್ರ ದಿನಾ ಕೆಲಸ ಮುಗಿದ ಮೇಲೆ ಬಂದು ನಿನ್ನ ಮುಖ ತೋರ್ಸಿ ಹೋಗು.” ಅಂದಿನಿಂದ ಇಂದಿನವರೆಗೆ ಮೇಡಂ ಅಕ್ಕನ ಮನೆಯ ಬಾಗಿಲು ತಟ್ಟದೆ ತಮ್ಮ ಮನೆಗೆ ಹೋದದ್ದಿಲ್ಲ. ಮತ್ತು ಅಂದಿನಿಂದ ಅವರ ಮನಸ್ಸಿನಲ್ಲಿ ಎರಡು ಆಸೆಗಳು ಗಟ್ಟಿಯಾಗಿ ಕೂತವು. ತಾವಿರುವ ತಾರಸಿಯಿಂದ ಇನ್ನು ಯಾರೂ ಬೀಳಬಾರದು. ತಾವು ಕೆಲಸ ಬಿಡುವುದರೊಳಗೆ ಭಾವ ಒಂದು ಸಲವಾದರೂ ಮತ್ತೆ ತಾರಸಿ ಹತ್ತಬೇಕು. ಮೊದಲನೆಯದನ್ನು ಅವರು ಹೇಗೆ ಸಾಧಿಸಿದರು ಎಂಬುದು ಇಲಾಖೆಗೆಲ್ಲ ಗೊತ್ತು. ಎರಡನೆಯದು ಅವರನ್ನು ಸೇವೆಯುದ್ದಕ್ಕೂ ಕಾಡಿತು.

ಮಣೆಯ ಪದ್ಧತಿ ಹುಟ್ಟಿದ್ದು ಧೈರ್ಯದಿಂದಲ್ಲ, ಭಯದಿಂದ ಎಂದು ಮೇಡಂ ಅವರೇ ಎಷ್ಟೋ ಸಲ ನಗುತ್ತ ಹೇಳಿದ್ದಾರೆ. ಅಪಘಾತವಾದ ಮೇಲೆ ಮೊದಲ ಸಲ ಒಂದು ಟೆಲಿಫೋನ್ ಕಚೇರಿಯ ತಾರಸಿಗೆ ಅವರನ್ನು ಕಳಿಸಿದರು. ಹತ್ತಿದ್ದೇನೋ ಹತ್ತಿದರು, ತಲೆ ಎತ್ತಿದ ಕ್ಷಣ ನಿಲ್ಲಲಾಗದೆ, ಅಲ್ಲೇ ಬಿದ್ದಿದ್ದ ಒಂದು ಇಟ್ಟಿಗೆಯ ಮೇಲೆ ಕುಕ್ಕರಿಸಿಬಿಟ್ಟರು. ಕೂತಲ್ಲಿಂದಲೇ ಉಪಕರಣ ಹಿಡಿದು ನೋಡಿದರೆ ಆಕಾಶವೇನೂ ಕಡಿಮೆಯಾಗಿರಲಿಲ್ಲ. ಮೈ ಅಲುಗದ ಕಾರಣ ಕೋನವೂ ಮೊದಲಿಗಿಂತ ಸರಿಯಾಗಿ ಸಿಕ್ಕಿತು. ಕಾಣದ ಮೂಲೆಯನ್ನು ನೋಡಬೇಕೆನಿಸಿದರೆ ಕೆಳಗೆ ನೋಡುತ್ತ ಎದ್ದು, ಇಟ್ಟಿಗೆಯನ್ನು ಬೇರೆ ಕಡೆ ಇಟ್ಟು, ಮತ್ತೆ ಕೂರಬೇಕು. ಕೂತವರು ಹಿಂದಕ್ಕೆ ನಡೆಯುವುದು ಸಾಧ್ಯವೇ ಇಲ್ಲ. ಅಯ್ಯೋ, ಇಷ್ಟು ಸುಲಭದ್ದು ಅವತ್ತು ಯಾಕೆ ಹೊಳೀಲಿಲ್ಲ ಎಂದು ಅವರು ಆ ಇಟ್ಟಿಗೆಯ ಮೇಲೇ ಕೂತು ಅತ್ತರಂತೆ.

ಭಾವ ಆಸ್ಪತ್ರೆಯಿಂದ ಬಂದವರು ನೆಲಮಹಡಿಯ ಸ್ಟೋರಿನಲ್ಲಿ ಕೆಲಸ ಕೇಳಿ ಪಡೆದರು. ಕೂತು ಆಕಾಶ ನೋಡುವ ನಾದಿನಿಯ ಹೊಸ ರೀತಿ ಅವರ ಕಿವಿಗೆ ಬಿದ್ದಾಗ ಮೂಗು ಮುರಿದರು. “ಮಣೆ ಹಾಕಿ ಕೂರ್ಸೋಕೆ ಅದೇನು ಬೀಗರ ಮನೇನಾ?” ಎಂದು ಎಲ್ಲರೆದುರು ಹಾಸ್ಯ ಮಾಡಿದರು. ಆದರೆ ವಾರ ಕಳೆಯುವಷ್ಟರಲ್ಲಿ, ಯಂತ್ರಗಳು ಬರುವ ಪೆಟ್ಟಿಗೆಯ ಹಲಗೆಗಳನ್ನು ಕುಯ್ದು, ಉಜ್ಜಿ, ಜಾರದಂತೆ ಅಡಿಗೆ ರಬ್ಬರು ಹೊಡೆದು, ಹೆಗಲಿಗೆ ನೇತುಹಾಕಲು ಹಗ್ಗದ ಹಿಡಿ ಪೋಣಿಸಿದ ಒಂದು ಮಣೆ ಮೇಡಂ ಅವರ ಮೇಜಿನ ಮೇಲಿತ್ತು. ಯಾರು ಇಟ್ಟರು ಎಂದು ಯಾರೂ ಕೇಳಲಿಲ್ಲ, ಭಾವನೂ ಹೇಳಲಿಲ್ಲ. ಆಮೇಲೆ ವಿಭಾಗದ ಪ್ರತಿಯೊಬ್ಬರಿಗೂ ಒಂದೊಂದು ಬಂತು. ಬೆಲ್ಟುಗಳ ವಿಷಯದಲ್ಲಂತೂ ಭಾವ ಬಲು ಕಟ್ಟುನಿಟ್ಟು. ಹೊಲಿಗೆಯನ್ನು ಬೆರಳಿನಿಂದ ಎಳೆದು ನೋಡದೆ ಒಂದನ್ನೂ ಕೈಗೆ ಕೊಡುತ್ತಿರಲಿಲ್ಲ. ಹೀಗೆ ತಾವೇ ಹತ್ತದ ತಾರಸಿಗಳ ಮೇಲೆಲ್ಲ ಅವರ ಕೈಕೆಲಸ ಹತ್ತಿ ಇಳಿಯುತ್ತಿತ್ತು.

ಮೇಡಂ ಅವರ ಶಿಸ್ತನ್ನು ಕುರಿತು ಹೇಳುವಾಗ ದೊಡ್ಡ ಸಾಹೇಬರ ಪ್ರಸಂಗವನ್ನು ಬಿಡುವಂತಿಲ್ಲ. ಇಸ್ತ್ರಿ ಮುರಿಯದ ಪ್ಯಾಂಟು ತೊಟ್ಟು ತಪಾಸಣೆಗೆ ಬಂದ ಅವರು ಬೆಲ್ಟೇನೋ ಬಿಗಿಸಿಕೊಂಡರು, ಆದರೆ ತಾರಸಿಯ ಮೇಲೆ ಕಾಲಿಟ್ಟದ್ದೇ ತಲೆ ಎತ್ತಿದರು. ಮೇಡಂ ಸದ್ದಿಲ್ಲದೆ ಮಣೆ ತಂದು ಅವರ ಕಾಲ ಬಳಿ ಇಟ್ಟು, “ಸರ್, ಮೊದಲು ಕೂತ್ಕೊಳ್ಳಿ. ಆಮೇಲೆ ಎಷ್ಟು ಬೇಕಾದ್ರೂ ನೋಡಿ” ಎಂದರು. ಸುತ್ತ ನಿಂತವರಿಗೆ ಜೀವ ಬಾಯಿಗೆ ಬಂತು. ಸಾಹೇಬರು ಹುಬ್ಬೇರಿಸಿದರು, ಮಣೆಯನ್ನು ನೋಡಿದರು, ಪ್ಯಾಂಟನ್ನು ನೋಡಿಕೊಂಡರು, ಕೂತರು. ಕೂತವರು ಏಳಲೇ ಇಲ್ಲ. ಕಡತ ಹಿಡಿದು ಕಾದಿದ್ದ ಸಹಾಯಕರು ಕೆಮ್ಮಿ ಎಚ್ಚರಿಸಿದಾಗ, “ಇರ್ರಿ ಸ್ವಲ್ಪ. ಆಕಾಶ ನೋಡಿ ಎಷ್ಟು ಕಾಲ ಆಯ್ತು” ಎಂದರು. ತಾರಸಿ ಕೆಲಸಕ್ಕೆ ಬೆಲ್ಟಿನ ಜೊತೆಗೆ ಮಣೆಯೂ ಕಡ್ಡಾಯವೆಂಬ ಆದೇಶ ಹೊರಟದ್ದು ಅದೇ ತಿಂಗಳಲ್ಲಿ.

ಅಗ್ನಿಶಾಮಕ ಠಾಣೆಯ ಮೇಲೆ ಆಂಟೆನಾ ನಿಲ್ಲಿಸುವ ದಿನ ಉದ್ಘಾಟನೆಗೆ ಗಣ್ಯರೆಲ್ಲ ಬಂದು ಕೂತಿದ್ದರು. ಗಾಳಿ ಎದ್ದಿತ್ತು. ಕಂಬದ ತುದಿಗೆ ಕಟ್ಟಿದ ರಿಬ್ಬನ್ನು ಅಡ್ಡಡ್ಡ ಹಾರುತ್ತಿದ್ದುದನ್ನು ನೋಡಿದ ಮೇಡಂ ತಮ್ಮವರನ್ನೆಲ್ಲ ಕೆಳಗಿಳಿಸಿ, “ಗಾಳಿಗೆ ಟೀ ಕೊಡೋಕಾಗಲ್ಲ, ಗಣ್ಯರಿಗೆ ಕೊಡಿ” ಎಂದು ಠಾಣೆಯವರಿಗೆ ಹೇಳಿ, ಗಾಳಿ ತಗ್ಗುವವರೆಗೆ ಮೆಟ್ಟಿಲ ಬುಡದಲ್ಲೇ ಕೂತರು. ಅಂದು ಮೇಲೆ ಹತ್ತಬೇಕಿದ್ದವರಲ್ಲಿ, ಹೆರಿಗೆ ರಜೆ ಮುಗಿಸಿ ಆಗಷ್ಟೇ ಕೆಲಸಕ್ಕೆ ಮರಳಿದ್ದ ತಂತ್ರಜ್ಞೆಯೊಬ್ಬರೂ ಇದ್ದರು. ಇಂದು ಅವರು ಈ ಸಂಪುಟದ ಸಂಪಾದಕ ಮಂಡಳಿಯಲ್ಲಿದ್ದಾರೆ. ಎತ್ತರ ಕಂಡರೆ ತಲೆ ತಿರುಗುತ್ತಿದೆ ಎಂದು ಅವರು ಕಿವಿಯಲ್ಲಿ ಹೇಳಿದಾಗ ಮೇಡಂ ಏಕೆ, ಏನು ಎಂದು ಕೇಳಲಿಲ್ಲ. “ಬಾಗಿಲ ಹತ್ರ ಹಗ್ಗ ಹಿಡಿಯೋದೂ ಕೆಲಸಾನೇ. ನೀನು ಹಿಡಿದ್ರೆ ನಾನು ನೆಮ್ಮದಿಯಾಗಿ ಹತ್ತೀನಿ” ಎಂದರು. ಆ ವರ್ಷವಿಡೀ ಅವರಿಗೆ ಹಗ್ಗದ ಕೆಲಸವೇ ಬಂತು; ಯಾಕೆಂಬುದು ಇಬ್ಬರನ್ನು ಬಿಟ್ಟು ಮೂರನೆಯವರಿಗೆ ತಿಳಿಯಲಿಲ್ಲ. ತಾವೇ ಬಂದು ಇವತ್ತು ಹತ್ತುತ್ತೇನೆ ಎಂದ ದಿನ ಮೇಡಂ ತಮ್ಮ ಮಣೆಯನ್ನೇ ಆ ಒಂದು ದಿನದ ಮಟ್ಟಿಗೆ ಅವರ ಹೆಗಲಿಗೆ ಹಾಕಿದರು.

ಇಷ್ಟು ಜನರಿಗೆ ಭಯ ಬಿಡಿಸಿದವರಿಗೆ ತಮ್ಮ ಭಾವನ ಭಯ ಬಿಡಿಸಲಾಗಲಿಲ್ಲ. ಭಾವನ ಕಾಲು ಕೊಂಚ ಕುಂಟುತ್ತಿತ್ತು, ನಿಜ. ಆದರೆ ಮಾರುಕಟ್ಟೆಗೆ ನಡೆದು ಹೋಗಿ ಚೀಲ ತುಂಬ ತರಕಾರಿ ಹೊತ್ತು ತರುವ ಕಾಲು ಅದು. ವೈದ್ಯರೂ ಮೆಟ್ಟಿಲು ಹತ್ತಲು ಅಡ್ಡಿಯಿಲ್ಲ ಎಂದಿದ್ದರು. “ಕಾಲು ಹತ್ತುತ್ತೆ ಕಣಮ್ಮ, ಎದೆ ಹತ್ತಲ್ಲ ಅನ್ನುತ್ತೆ” ಎಂದು ಒಮ್ಮೆ ಮಾತ್ರ ಭಾವ ಬಾಯಿಬಿಟ್ಟರು. ತಮ್ಮ ಮನೆಯ ತಾರಸಿಗೂ ಅವರು ಕಾಲಿಡಲಿಲ್ಲ. ನೆರೆಹೊರೆಯವರೆಲ್ಲ ಮೇಲೊಂದು ಕೋಣೆ ಎಬ್ಬಿಸಿದರು, ಟ್ಯಾಂಕು ಕೂರಿಸಿದರು, ಟಿವಿಯ ತಟ್ಟೆ ನೆಟ್ಟರು. ಮೇಲೆ ಹತ್ತಿ ಯಾರು ತೊಳೆಯುತ್ತಾರೆ ಎಂದು ಭಾವ ಟ್ಯಾಂಕನ್ನೂ ಹಿತ್ತಲಲ್ಲೇ ಇಡಿಸಿದರು. ತಾರಸಿಯ ಅಂಚಿನ ಪಾದದೆತ್ತರದ ಹಳೆಯ ಕಟ್ಟೆಯನ್ನೂ ಎತ್ತರಿಸಲಿಲ್ಲ. ಅಕ್ಕ ಒಬ್ಬರೇ ಹತ್ತಿ ಬಟ್ಟೆ ಒಣಹಾಕಿ ಬರುತ್ತಿದ್ದರು. ಅವರು ಇಳಿಯುವವರೆಗೂ ಭಾವ ಮೆಟ್ಟಿಲ ಬುಡದಲ್ಲಿ ಕತ್ತೆತ್ತಿ ನಿಂತಿರುತ್ತಿದ್ದರಂತೆ. ಹುಣ್ಣಿಮೆ ನೋಡೋಣ ಬನ್ನಿ, ಮೈದಾನದ ಆಟ ನೋಡೋಣ ಬನ್ನಿ ಎಂದು ನಾದಿನಿ ಕರೆದದ್ದಕ್ಕೆಲ್ಲ ಭಾವ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಭಾವನೇ ನಿವೃತ್ತರಾದರು. ಇವರು ವಿಭಾಗದ ಮುಖ್ಯಸ್ಥೆಯಾದರು. ಆ ಆಸೆ ಮಾತ್ರ ಇದ್ದಲ್ಲೇ ಇತ್ತು.

ಮೇಡಂ ಅವರ ಸೇವೆಯ ಕೊನೆಯ ತಿಂಗಳಲ್ಲಿ ಹಳೆಯ ಬಡಾವಣೆಗೊಂದು ಸ್ಥಿರ ಆಂಟೆನಾ ಬೇಕಾಯಿತು. ಬಿಂದು ಅಲುಗದಂತೆ ತಗ್ಗಾದ, ಗಟ್ಟಿ ಗೋಡೆಯ ಕಟ್ಟಡವಾಗಬೇಕು. ಮೇಲೆ ಏನೂ ಅಡ್ಡವಿರಬಾರದು. ಆಗಾಗ ಹತ್ತಿ ಹಕ್ಕಿಯ ಹಿಕ್ಕೆ ಒರೆಸಿ, ಕೇಬಲ್ಲು ನೋಡುವವರೊಬ್ಬರು ಆ ಮನೆಯಲ್ಲಿರಬೇಕು. ತಂಡದವರು ಬೀದಿಬೀದಿ ಸುತ್ತಿ ಬಂದು, ಎಲ್ಲಕ್ಕಿಂತ ಒಳ್ಳೆಯ ಆಕಾಶವಿರುವ ಮನೆ ಎಂದು ತೋರಿಸಿದ್ದು ಯಾವುದನ್ನು? ಒಂದು ಕಡೆ ಆಟದ ಮೈದಾನವಿರುವ, ಬೀದಿಯ ಕೊನೆಯ ಆ ದಪ್ಪ ಗೋಡೆಯ ಮನೆಯನ್ನು. ಕೋಣೆಯಿಲ್ಲ, ಟ್ಯಾಂಕಿಲ್ಲ, ತಟ್ಟೆಯಿಲ್ಲ, ಅಂಗೈಯಂತೆ ಬೋಳು ತಾರಸಿ. ಅದು ಮೇಡಂ ಅವರ ಅಕ್ಕನ ಮನೆ ಎಂದು ತಂಡದ ಯಾರಿಗೂ ಗೊತ್ತಿರಲಿಲ್ಲ. ನೆಂಟರ ಮನೆ ಎಂಬ ಮಾತು ಬರಬಾರದೆಂದು ಮೇಡಂ ಬೇರೆ ವಿಭಾಗದವರನ್ನು ಕರೆಸಿ ಮತ್ತೊಮ್ಮೆ ಅಳೆಸಿದರು. ಅವರೂ ಅದೇ ಮನೆ ಎಂದರು. ಭಾವ ಹೆದರಿ ಹತ್ತದೆ ಬಿಟ್ಟ ಕಾರಣಕ್ಕೇ ಆ ಬಡಾವಣೆಯ ಅತಿ ಒಳ್ಳೆಯ ಆಕಾಶ ಅವರ ತಲೆಯ ಮೇಲೆ ಉಳಿದುಕೊಂಡಿತ್ತು.

“ಊರಲ್ಲಿ ಬೇರೆ ಸೂರೇ ಇರ್ಲಿಲ್ವಾ?” ಎಂದು ಭಾವ ಅನುಮಾನಪಟ್ಟರು.

“ನನ್ನಾಣೆ ಭಾವ, ನಾನು ಆರಿಸಿಲ್ಲ” ಎಂದರು ಮೇಡಂ.

“ಹಿಕ್ಕೆ ಒರೆಸೋಕೆ ನಾನಿದ್ದೀನಿ ಬಿಡು” ಎಂದು ಅಕ್ಕ ಮಧ್ಯೆ ಬಂದರು. “ಇವರು ಕೆಳಗೆ ಕೂತು ಬೊಬ್ಬೆ ಹೊಡೀಲಿ.”

ತಾನು ಮಾತ್ರ ಹತ್ತುವುದಿಲ್ಲ ಎಂಬ ಷರತ್ತಿನ ಮೇಲೆ ಭಾವ ಒಪ್ಪಿದರು. ಕೆಲಸದ ದಿನ ಬೆಳಗ್ಗೆ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು, ನಿವೃತ್ತರಾದದ್ದೇ ಮರೆತವರಂತೆ ಪ್ರತಿ ಬೆಲ್ಟಿನ ಹೊಲಿಗೆ ಎಳೆದು ನೋಡಿ ಕೈಗೆ ಕೊಟ್ಟರು. ಹಿಂಬದಿಯ ಕಟ್ಟೆ ಪಾದದೆತ್ತರ ಮಾತ್ರ ಇದೆ, ಅತ್ತ ಯಾರೂ ಸುಳಿಯಬಾರದು ಎಂದು ಮತ್ತೆ ಮತ್ತೆ ಹೇಳಿದರು. ಆಮೇಲೆ ನಡುಮನೆಯಲ್ಲಿ, ಕೆಲಸ ನಡೆಯುವ ಜಾಗದ ಸರಿಯಾಗಿ ಕೆಳಗೆ ಕೂತು ಸೂರಿಗೆ ಕಿವಿ ಕೊಟ್ಟರು. ಹೆಜ್ಜೆಯ ಸಪ್ಪಳದಿಂದಲೇ ಅವರಿಗೆ ಎಲ್ಲ ತಿಳಿಯುತ್ತಿತ್ತು. “ಇದು ಕೇಬಲ್ ಎಳೆಯೋನು. ಇದು ಕಂಬಕ್ಕೆ ಬೋಲ್ಟ್ ಹಾಕೋಳು. ಇದು ನಿನ್ನ ತಂಗಿ, ಕೂತಿದ್ದಾಳೆ” ಎಂದು ಅಕ್ಕನಿಗೆ ವರದಿ ಒಪ್ಪಿಸುತ್ತಿದ್ದರು.

ಮೇಲೆ ಕಂಬ ನಿಂತಿತು, ಆಂಟೆನಾ ಕೂತಿತು. ತಂಡದ ಇಬ್ಬರೂ ಕೇಬಲ್ಲನ್ನು ಗೋಡೆಗೆ ಇಳಿಸಲು ಮೆಟ್ಟಿಲ ಪಕ್ಕದಲ್ಲಿ ಮೇಡಂ ಅವರಿಗೆ ಬೆನ್ನು ಮಾಡಿ ಬಗ್ಗಿದ್ದರು. ಮೇಡಂ ಕೊನೆಯ ಸಲ ಆಕಾಶ ಪರೀಕ್ಷಿಸಲು ಮಣೆಯಿಂದ ಎದ್ದರು. ಮಣೆಯನ್ನು ಆಚೆ ಸರಿಸಿ ಮತ್ತೆ ಕೂರಬೇಕಿತ್ತು. ಆದರೆ ಅಂದು ಆಕಾಶ ಹೇಗಿತ್ತೆಂದರೆ, ನಾಲ್ಕೂ ಕಡೆ ಒಂದು ಎಲೆಯೂ ಅಡ್ಡವಿಲ್ಲ, ಮೋಡದ ತುಣುಕೂ ಇಲ್ಲ. ಇದೇ ತಮ್ಮ ಕೊನೆಯ ಆಕಾಶ ಎಂಬ ಯೋಚನೆ ಬಂದು ಅವರ ಮನಸ್ಸು ತುಂಬಿತ್ತು. ಸೇವೆಯುದ್ದಕ್ಕೂ ಬೇರೆಯವರಿಗೆ ಹೇಳಿದ ಮಾತು ತಮಗೇ ಮರೆತುಹೋಯಿತು. ಉಪಕರಣವನ್ನು ಕಣ್ಣಿಗೆ ಹಿಡಿದು, ನಿಂತಲ್ಲೇ ತಲೆ ಎತ್ತಿ, ಒಂದು ಹೆಜ್ಜೆ ಹಿಂದಕ್ಕೆ ಇಟ್ಟರು. ಮತ್ತೆ ಇನ್ನೊಂದು.

ಮೈಯಲ್ಲಿ ಬೆಲ್ಟಿತ್ತು, ಹಗ್ಗವನ್ನು ಅಳೆದೇ ಕಟ್ಟಲಾಗಿತ್ತು. ಅದು ಅವರನ್ನು ಅಂಚು ಮುಟ್ಟಲು ಬಿಡುತ್ತಿರಲಿಲ್ಲ. ಆದರೆ ಕೆಳಗಿದ್ದವರಿಗೆ ಹಗ್ಗ ಕಾಣುತ್ತಿರಲಿಲ್ಲ, ಹೆಜ್ಜೆ ಮಾತ್ರ ಕೇಳುತ್ತಿತ್ತು. ಒಂದು ಸಪ್ಪಳ, ಬಿಡುವು, ಮತ್ತೊಂದು ಸಪ್ಪಳ, ಬಿಡುವು, ಹಿಂಬದಿಯ ಕಡೆಗೆ. ಈ ನಡಿಗೆ ಯಾವುದೆಂದು ಭಾವನಿಗಿಂತ ಚೆನ್ನಾಗಿ ಯಾರು ಬಲ್ಲರು? ಅಕ್ಕ ಟೀ ಲೋಟ ಹಿಡಿದು ಅಡುಗೆಮನೆಯಿಂದ ಬರುವಷ್ಟರಲ್ಲಿ ಕುರ್ಚಿ ಖಾಲಿಯಿತ್ತು. ಮೆಟ್ಟಿಲ ಮೇಲೆ ಕುಂಟುಗಾಲಿನ ದಡದಡ ಸದ್ದು.

“ಏಯ್! ಕೂತ್ಕೋ!”

ಮೇಡಂ ಕೂತುಬಿಟ್ಟರು. ಮಣೆಯಿಲ್ಲ, ಹಿಂದುಮುಂದು ನೋಡಿದ್ದಿಲ್ಲ. ಕಿವಿಗೆ ಮಾತು ಬಿದ್ದಲ್ಲೇ, ಬಿಸಿಲಿಗೆ ಕಾದ ತಾರಸಿಯ ಮೇಲೆ ದೊಪ್ಪನೆ ಕೂತರು. ಆಮೇಲೆ ತಿರುಗಿ ನೋಡಿದರು. ಭಾವ ತಾರಸಿಯ ಮೇಲೆ ನಿಂತಿದ್ದರು. ಒಂದು ಕೈ ಮೆಟ್ಟಿಲ ಕಂಬಿಯನ್ನು ಹಿಡಿದಿತ್ತು, ಎದೆ ಏರಿಳಿಯುತ್ತಿತ್ತು, ಮುಖದ ತುಂಬ ಬೆವರು. “ಊರಿಗೆಲ್ಲ ಹೇಳ್ತೀಯಲ್ಲೇ, ಪುಣ್ಯಾತ್ಗಿತ್ತಿ! ನಿನಗೆ ಯಾರು ಹೇಳ್ಬೇಕು?” ಎಂದು ಬೈಯುತ್ತಿದ್ದವರು, ತಾವು ನಿಂತಿರುವುದು ಎಲ್ಲಿ ಎಂಬುದು ಆಗಷ್ಟೇ ತಿಳಿದವರಂತೆ ಮಾತು ನಿಲ್ಲಿಸಿದರು.

ಮೇಡಂ ಅವರಿಗೆ ಓಡಿ ಹೋಗಿ ಕೈ ಹಿಡಿಯಬೇಕೆನಿಸಿತು. ಓಡಿದರೆ ಎಲ್ಲಿ ಭಾವ ಹಿಂದಿರುಗಿಬಿಡುತ್ತಾರೋ ಎಂದು ಭಯವೂ ಆಯಿತು. ಅವರು ಕೂತಲ್ಲಿಂದಲೇ, ದನಿ ಎತ್ತರಿಸದೆ ಹೇಳಿದರು: “ಬೆಲ್ಟಿದೆ ಭಾವ, ನೀವೇ ಎಳೆದು ನೋಡಿ ಕೊಟ್ಟಿದ್ದು. ನೀವೂ ಕೂತ್ಕೊಳ್ಳಿ.”

ತಂಡದ ಒಬ್ಬರು ಬೆಲ್ಟು ತಂದು ಭಾವನ ಮೈಗೆ ಬಿಗಿದರು. ಭಾವ ಆಗಲೂ ಹೊಲಿಗೆ ಎಳೆದು ನೋಡದೆ ಬಿಡಲಿಲ್ಲ. ಮೇಡಂ ಮಣೆಯನ್ನು ತಳ್ಳಿದರು. ಬಹಳ ಹಿಂದೆ ತಮ್ಮ ಕೈಯಾರೆ ಮಾಡಿದ, ರಬ್ಬರು ಸವೆದ ಆ ಮೊದಲ ಮಣೆಯ ಮೇಲೆ ಭಾವ ನಿಧಾನವಾಗಿ ಕೂತರು. ಸ್ವಲ್ಪ ಹೊತ್ತು ತಮ್ಮ ಕಾಲ ಬೆರಳುಗಳನ್ನೇ ನೋಡುತ್ತಿದ್ದರು. ಆಮೇಲೆ ತಲೆ ಎತ್ತಿದರು.

“ಹಾಗೇ ಇದೆಯಲ್ಲೇ” ಎಂದರು.

ಮೇಡಂ ಅವರಿಗೆ ಅಳು ತಡೆಯಲಾಗಲಿಲ್ಲ. ತಂಡದವರೆದುರು ಅವರು ಅತ್ತದ್ದು ಅದೇ ಮೊದಲು. ಅಕ್ಕ ಮೆಟ್ಟಿಲ ತುದಿಗೆ ಬಂದು ನಿಂತು, ಗಂಡನನ್ನೂ ತಂಗಿಯನ್ನೂ ನೋಡಿ, ಕಣ್ಣೊರೆಸಿಕೊಂಡು, “ರೀ, ಟೀ ಆರಿ ಹೋಯ್ತು” ಎಂದಷ್ಟೇ ಹೇಳಿದರು. ಭಾವ ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದು, ಗೋಡೆಯ ಕಡೆ ಕೈ ತೋರಿಸಿ, “ಆ ಕೇಬಲ್ಲಿನ ಬಾಗು ಸಾಲದು. ಮಳೆ ಬಂದ್ರೆ ನೀರು ನೆಟ್ಟಗೆ ನನ್ನ ನಡುಮನೆಗೇ ಬರುತ್ತೆ” ಎಂದರು. ಬಾಗನ್ನು ಅವರು ಹೇಳಿದಂತೆಯೇ ಸರಿಮಾಡಲಾಯಿತು. ಮೇಡಂ ಅವರ ಸೇವೆಯ ಕೊನೆಯ ಆಂಟೆನಾ ಅಂದೇ ಮಾತನಾಡತೊಡಗಿತು.

ಆ ತಪ್ಪನ್ನು ಮೇಡಂ ಬೇಕೆಂದೇ ಮಾಡಿದರೇ ಎಂದು ಇಲಾಖೆಯಲ್ಲಿ ಕೆಲವರು ಕಣ್ಣು ಮಿಟುಕಿಸಿ ಕೇಳುವುದುಂಟು. ಇಲ್ಲ ಎಂದು ಅವರು ಖಡಾಖಂಡಿತವಾಗಿ ಹೇಳಿದ್ದಾರೆ. ಭಾವನ ಭಯದ ಜೊತೆ ಆಟವಾಡುವ ಹೆಂಗಸು ಅವರಲ್ಲ. “ಮರೆತೆ, ಅಷ್ಟೇ. ನಾನೇ ಮರೀಬಹುದಾದ್ರೆ ಯಾರು ಬೇಕಾದ್ರೂ ಮರೀತಾರೆ. ಅದಕ್ಕೇ ಬೆಲ್ಟು, ಅದಕ್ಕೇ ಇನ್ನೊಬ್ಬರು ಜೊತೆಗೆ” ಎಂದು ವಿಭಾಗದ ಬೀಳ್ಕೊಡುಗೆಯಲ್ಲಿ ಎಲ್ಲರೆದುರು ಹೇಳಿ, ತಮ್ಮ ಕೊನೆಯ ಪಾಠವನ್ನೂ ತಮ್ಮದೇ ತಪ್ಪಿನಿಂದ ಕಲಿಸಿದರು.

ಈಗ ವಾರಕ್ಕೊಮ್ಮೆ ಬೀದಿಯ ಕೊನೆಯ ಆ ಮನೆಯ ತಾರಸಿಯ ಮೇಲೆ ಇಬ್ಬರು ಕಾಣಿಸುತ್ತಾರೆ. ಹಿಂಬದಿಯ ಕಟ್ಟೆ ಎದೆಯೆತ್ತರಕ್ಕೆ ಏರಿದೆ. ಗಾರೆ ಕೆಲಸಕ್ಕೆ ಮೇಲೆ ನಿಂತು ಮೇಲ್ವಿಚಾರಣೆ ಮಾಡಿದವರು ಭಾವನೇ. ನಾದಿನಿ ಬಟ್ಟೆ ಹಿಡಿದು ಆಂಟೆನಾ ಒರೆಸುತ್ತಾರೆ, ಭಾವ ಕೇಬಲ್ಲು ನೋಡುತ್ತಾರೆ, ಆಮೇಲೆ ಎರಡು ಮಣೆ ಹಾಕಿಕೊಂಡು, ಯಾರ ಒರೆಸುವಿಕೆ ಚೆನ್ನಾಗಿಲ್ಲ ಎಂದು ಜಗಳವಾಡುತ್ತಾರೆ. ಅಕ್ಕ ಕೆಳಗಿನಿಂದ ಟೀ ಆರಿತು ಎಂದು ಕೂಗುತ್ತಾರೆ. ನಿವೃತ್ತಿ ಎಂಬುದು ಅವರ ಮಟ್ಟಿಗೆ ಸಂಬಳದ ಲೆಕ್ಕದಲ್ಲಿ ಮಾತ್ರ ಆಗಿರುವಂತಿದೆ.

ಮೇಡಂ ಅವರಿಗೆ ಆಯುರಾರೋಗ್ಯವನ್ನು ಹಾರೈಸುವ ಈ ಹೊತ್ತಿನಲ್ಲಿ, ಅವರು ನಮ್ಮೆಲ್ಲರಿಗೆ ಮಣೆ ಹಾಕಿ ಕಲಿಸಿದ್ದನ್ನು ನಾವು ಮುಂದಿನವರಿಗೆ ಮಣೆ ಹಾಕಿಯೇ ಕಲಿಸುತ್ತೇವೆ ಎಂದು ಮಾತು ಕೊಡುತ್ತೇವೆ. ಅವರ ಮೇಲಿನ ಆಕಾಶ ಯಾವಾಗಲೂ ತಿಳಿಯಾಗಿರಲಿ, ಕೈಯ ಕೆಲಸ ಮುಂದುವರಿಯಲಿ, ಅಕ್ಕನ ಮನೆಯ ಬಾಗಿಲು ದಿನವೂ ಅವರ ಕೈ ತಟ್ಟಿದೊಡನೆ ತೆರೆಯಲಿ. ಎಂದಾದರೂ ಒಂದು ದಿನ ಆಕಾಶ ನೋಡುತ್ತ ಮೈಮರೆತು ಅವರು ಎದ್ದು ನಿಂತರೆ, ಕೂತ್ಕೋ ಎನ್ನುವ ಆ ದನಿ ನೂರು ಕಾಲ ಅವರ ಬೆನ್ನ ಹಿಂದೆ ಇರಲಿ.